ದೊಡ್ಡಾಸ್ಪತ್ರೆ ಎಷ್ಟು ದೂರ?

ಬೆಂಗಳೂರಿನ ಐಸಿಯು ಕೆಲಸ ಬಿಟ್ಟು ಮಲೆನಾಡಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ (ಪಿಎಚ್‌ಸಿ) ಹೋಗುತ್ತೇನೆ ಎಂದಾಗ ಜೊತೆಗಿದ್ದ ಸಿಸ್ಟರ್‌ಗಳಿಗೆಲ್ಲ ಆಶ್ಚರ್ಯ. "ಅಲ್ಲಿ ಕಲಿಯೋಕೆ ಏನಿದೆ? ಬಿಪಿ ನೋಡೋದು, ಇಂಜೆಕ್ಷನ್ ಹಾಕೋದು, ಮಾತ್ರೆ ಕೊಡೋದು, ಅಷ್ಟೇ ಅಲ್ವಾ?" ಎಂದರು. ವೆಂಟಿಲೇಟರ್ ನೋಡಿಕೊಂಡವಳು ಅಲ್ಲಿ ಹೋಗಿ ಕೈ ಕಟ್ಟಿಕೊಂಡು ಕೂರಬೇಕಾಗುತ್ತದೆ ಎಂಬುದು ಅವರ ಚಿಂತೆ. ಗದಗದ ಕಡೆ ಊರಲ್ಲಿದ್ದ ಅವ್ವ ಮಾತ್ರ ಖುಷಿಪಟ್ಟಳು. ಒಳಗುತ್ತಿಗೆಯದ್ದಾದರೂ ಸರ್ಕಾರಿ ಆಸ್ಪತ್ರೆ ಅಲ್ವಾ, ಬಡವರಿಗೆ ಉಪಯೋಗ ಆಗುತ್ತದೆ ಎಂದಳು.

ಈಗ ಕೆಲಸ ಕೈಗೆ ಹತ್ತಿದೆ. ನರ್ಸಿಂಗ್ ಮುಗಿಸಿ ಪಿಎಚ್‌ಸಿಗೆ ಸೇರುವವರು ಆಗಾಗ ಫೋನ್ ಮಾಡಿ ಕೇಳುತ್ತಾರೆ, ಅಲ್ಲಿ ಹೇಗಿರುತ್ತೆ ಅಂತ. ಒಂದೇ ಮಾತಲ್ಲಿ ಹೇಳೋದಾದರೆ, ನಾನು ಇಲ್ಲಿ ಕಲಿತದ್ದು ದೂರದ ಲೆಕ್ಕ. ರೋಗಿಯ ನಾಡಿ, ಉಸಿರು, ಬಿಪಿ ಬರೆದುಕೊಳ್ಳುವ ಹಾಗೆ ಇಲ್ಲಿ ರಸ್ತೆಯನ್ನೂ ಮಳೆಯನ್ನೂ ಮನಸ್ಸಲ್ಲಿ ಬರೆದುಕೊಳ್ಳಬೇಕು. ಐಸಿಯುನಲ್ಲಿ ಒಂದು ಗುಂಡಿ ಒತ್ತಿದರೆ ಡಾಕ್ಟರ್ ಓಡಿ ಬರುತ್ತಿದ್ದರು. ರಕ್ತ ಬೇಕೆಂದರೆ ಕೆಳಗಿನ ಮಹಡಿಯಿಂದ ಬರುತ್ತಿತ್ತು. ಇಲ್ಲಿ ರಕ್ತ ಬೇಕಾದವರನ್ನು ರಕ್ತ ಇರುವಲ್ಲಿಗೆ ಕಳಿಸಬೇಕು. ಎಷ್ಟು ಹೊತ್ತಿಗೆ ಕಳಿಸಿದರೆ ಬದುಕಿ ತಲುಪುತ್ತಾರೆ ಅನ್ನೋದು ನಮ್ಮ ಮೊದಲ ಪ್ರಶ್ನೆ.

ಕಾಲೇಜಿನಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಅಂಕಿಗಳಿವೆ. ಬಯಲುಸೀಮೆಯಲ್ಲಿ 30,000 ಜನಕ್ಕೆ ಒಂದು ಪಿಎಚ್‌ಸಿ, ಗುಡ್ಡಗಾಡಿನಲ್ಲಿ 20,000 ಜನಕ್ಕೆ ಒಂದು. ಉಪಕೇಂದ್ರವಾದರೆ 5,000 ಮತ್ತು 3,000. ದೇಶದ ಆರೋಗ್ಯ ವ್ಯವಸ್ಥೆ ಹೇಗಿರಬೇಕು ಅಂತ ಭೋರ್ ಸಮಿತಿ 1946ರಲ್ಲಿ ವರದಿ ಕೊಟ್ಟದ್ದು, 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆಯ ಜೊತೆ ಪಿಎಚ್‌ಸಿಗಳು ಶುರುವಾದದ್ದು, ಇವೆಲ್ಲ ಪರೀಕ್ಷೆಗೆ ಬರುವ ಪ್ರಶ್ನೆಗಳು. ಗುಡ್ಡಗಾಡಿಗೆ ಯಾಕೆ ಕಡಿಮೆ ಜನಕ್ಕೆ ಒಂದು ಕೇಂದ್ರ ಅನ್ನೋದು ಇಲ್ಲಿಗೆ ಬಂದ ಮೇಲೇ ನನಗೆ ಸರಿಯಾಗಿ ಅರ್ಥವಾಯಿತು. ನಮ್ಮ ಕಡೆ ಊರು ಅಂದರೆ ಊರು. ಮನೆಗೆ ಮನೆ ಅಂಟಿಕೊಂಡು ಒಂದೇ ಕಡೆ ಇರುತ್ತದೆ, ಸುತ್ತ ಹೊಲ. ಗುಡಿಯ ಮುಂದೆ ನಿಂತು ಕೂಗಿದರೆ ಅರ್ಧ ಊರಿಗೆ ಕೇಳುತ್ತದೆ. ಇಲ್ಲಿ ಊರ ಹೆಸರು ಒಂದೇ ಇದ್ದರೂ ಮನೆಗಳು ಅಡಿಕೆ ತೋಟಕ್ಕೊಂದು, ಗುಡ್ಡದ ಓರೆಗೊಂದು. ಒಂದು ಮನೆಯಿಂದ ಇನ್ನೊಂದಕ್ಕೆ ಸಂಕ (ಹಳ್ಳದ ಮೇಲಿನ ಕಾಲುಸೇತುವೆ) ದಾಟಿ, ಗದ್ದೆಯ ಅಂಚಿನಲ್ಲಿ ನಡೆದು ಹೋಗಬೇಕು. ಮಳೆಗಾಲದಲ್ಲಿ ಸಂಕ ಕೊಚ್ಚಿಹೋದರೆ ಆ ಮನೆ ಬೇರೆಯೇ ಊರಾಗಿಬಿಡುತ್ತದೆ.

ಚಾರ್ಜ್ ಕೊಟ್ಟ ಹಿರಿಯ ಸಿಸ್ಟರ್‌ರನ್ನು ಇಲ್ಲಿ ಎಲ್ಲರೂ ಅಕ್ಕ ಎನ್ನುತ್ತಿದ್ದರು. ನನಗೂ ಅದೇ ಬಾಯಿಗೆ ಬಂತು. ಅಕ್ಕ ಮೊದಲು ಆಕ್ಸಿಜನ್ ಸಿಲಿಂಡರ್ ತೋರಿಸಿದರು. ಕೀ ಎಲ್ಲಿರುತ್ತದೆ, ಎಷ್ಟು ಉಳಿದಿದೆ, ಖಾಲಿ ಆದರೆ ಯಾರಿಗೆ ಹೇಳಬೇಕು. ಆಮೇಲೆ ಹೆರಿಗೆ ಕೋಣೆಯ ಏಳು ಟ್ರೇಗಳು. ಎಮರ್ಜೆನ್ಸಿ ಔಷಧದ ಟ್ರೇಯಲ್ಲಿ ಅಡ್ರಿನಲಿನ್, ಅಟ್ರೋಪಿನ್, ಹೈಡ್ರೋಕಾರ್ಟಿಸೋನ್, ಎವಿಲ್ ಎಲ್ಲದರ ಎಕ್ಸ್‌ಪೈರಿ ತಾರೀಖು ಓದಿಸಿದರು. ಆಕ್ಸಿಟೋಸಿನ್ ಫ್ರಿಜ್‌ನಲ್ಲೇ ಇರಬೇಕು, ಟ್ರೇಯಲ್ಲಿ ಇಟ್ಟು ಮರೆತರೆ ಬಿಸಿಗೆ ಅದರ ಶಕ್ತಿ ಹೋಗುತ್ತದೆ ಎಂದರು. ಇಷ್ಟೆಲ್ಲ ನಾನು ನಿರೀಕ್ಷಿಸಿದ್ದೇ.

ಕೊನೆಗೆ ಡ್ರಾಯರ್‌ನಿಂದ ಒಂದು ಹಳೆಯ ನೋಟ್‌ಬುಕ್ ತೆಗೆದರು. ಅದು ಇಲಾಖೆಯ ರಿಜಿಸ್ಟರ್ ಅಲ್ಲ, ಅಕ್ಕನೇ ಬರೆದುಕೊಂಡದ್ದು. ಪ್ರತಿ ಊರಿಗೂ ಒಂದು ಪುಟ. ಆಂಬುಲೆನ್ಸ್ ಎಲ್ಲಿಯವರೆಗೆ ಹೋಗುತ್ತದೆ, ಅಲ್ಲಿಂದ ಎಷ್ಟು ನಡೆಯಬೇಕು, ಮಳೆಗಾಲದಲ್ಲಿ ಯಾವ ದಾರಿ ಮುಚ್ಚುತ್ತದೆ, ಯಾರ ಮನೆಯಲ್ಲಿ ಜೀಪಿದೆ, ಫೋನ್ ಸಿಗಬೇಕಾದರೆ ಎಲ್ಲಿಗೆ ಬಂದು ನಿಲ್ಲಬೇಕು. "ಇಲ್ಲಿ ದೊಡ್ಡಾಸ್ಪತ್ರೆ ಎಷ್ಟು ದೂರ ಅಂತ ಕಿಲೋಮೀಟರ್‌ನಲ್ಲಿ ಕೇಳಬೇಡ ಮಾರಾಯ್ತಿ. ಈ ಮಳೆಯಲ್ಲಿ, ಈ ಹೊತ್ತಲ್ಲಿ ಎಷ್ಟು ಹೊತ್ತು ಅಂತ ಕೇಳು" ಎಂದರು. ಆ ನೋಟ್‌ಬುಕ್ಕನ್ನು ನಾನು ಪೂರ್ತಿ ನಕಲು ಮಾಡಿಕೊಂಡೆ. ಈಗಲೂ ಪ್ರತಿ ಮಳೆಗಾಲದ ಮುಂಚೆ ಆಶಾ ಕಾರ್ಯಕರ್ತೆಯರನ್ನು ಕೂರಿಸಿಕೊಂಡು ಅದನ್ನು ತಿದ್ದುತ್ತೇನೆ.

ಶರಾವತಿ ಹಿನ್ನೀರಿನ ಆಚೆ ದಡದವರ ಕಷ್ಟ ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ನೀರು ನಿಂತ ಮೇಲೆ ತುಮರಿ ಕಡೆಯವರು ಸಾಗರ ಪೇಟೆಗೆ ಬರಬೇಕಾದರೆ ಲಾಂಚಿಗೆ ಕಾಯಬೇಕಿತ್ತು. ಕೊನೆಯ ಲಾಂಚ್ ಹೋದ ಮೇಲೆ ಹೊಟ್ಟೆನೋವು ಬಂದರೆ, ಹೆರಿಗೆ ನೋವು ಬಂದರೆ, ಬಳಸು ದಾರಿಯಲ್ಲಿ ಹೋಗಬೇಕಿತ್ತು. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಪೇಪರ್‌ಗಳಲ್ಲಿ ಸಿಗಂದೂರು ಸೇತುವೆ ಅಂತ ಫೋಟೊ ಬಂತು, ಪ್ರವಾಸಿಗರಿಗೆ ಅನುಕೂಲ ಎಂದು ಬರೆದರು. ನಮ್ಮಂಥವರಿಗೆ ಅದು ಆರೋಗ್ಯ ಇಲಾಖೆಯ ಕೆಲಸದ ಹಾಗೇ ಕಂಡಿತು. ಒಂದು ಸೇತುವೆಯಿಂದ ಎಷ್ಟು ಬಸುರಿಯರ ರಾತ್ರಿ ಹಗುರಾಯಿತು ಅನ್ನೋದನ್ನು ಯಾರಾದರೂ ಕೂತು ಬರೆಯಬೇಕು.

ಒಂದು ರಾತ್ರಿಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪಿಎಚ್‌ಸಿ ನರ್ಸ್ ಏನು ಮಾಡುತ್ತಾಳೆ ಅಂತ ಕೇಳಿದವರಿಗೆ ನಾನು ಕೊಡುವ ಉತ್ತರ ಅದೇ.

ಜೋರು ಮಳೆ. ಕರೆಂಟ್ ಹೋಗಿ ಯುಪಿಎಸ್‌ನಲ್ಲಿ ಒಂದು ಲೈಟ್ ಉರಿಯುತ್ತಿತ್ತು. ಜೀಪಿನಲ್ಲಿ ಒಬ್ಬಳನ್ನು ಕರೆತಂದರು. ಚೊಚ್ಚಲ ಬಸುರಿ, ಎಂಟು ತಿಂಗಳು. ಮಧ್ಯಾಹ್ನದಿಂದ ತಲೆನೋವು, ಸಂಜೆಗೆ ಕಣ್ಣು ಮಂಜಾಗಿದೆ. ಅತ್ತೆ ಅದನ್ನು ಪಿತ್ತ ಅಂದುಕೊಂಡು ಕಷಾಯ ಮಾಡಿಕೊಟ್ಟಿದ್ದರು. ಪ್ರೀತಿಯಿಂದಲೇ ಮಾಡಿದ್ದು. ಆದರೆ ಸಂಜೆ ಮನೆಗೆ ಹೋದ ಆಶಾ ಕಾರ್ಯಕರ್ತೆ ಅವಳ ಮುಖ ನೋಡಿದ್ದಾರೆ. ಊದಿಕೊಂಡ ರೆಪ್ಪೆ, ಕೈಯಿಂದ ಬಳೆ ಸರಿಯುತ್ತಿಲ್ಲ. "ಪಿತ್ತವೋ ಎಂತದೋ ಸಿಸ್ಟರ್ ಹೇಳಲಿ, ಈಗ ಹೊರಡಿ" ಎಂದು ಪಕ್ಕದ ತೋಟದವರ ಜೀಪ್ ಕರೆಸಿ ತಾವೂ ಹತ್ತಿದ್ದಾರೆ.

ಬಿಪಿ ನೋಡಿದೆ. ಮೇಲಿನದು 170, ಕೆಳಗಿನದು 116. ಕಫ್ ಬಿಚ್ಚಿ ಇನ್ನೊಂದು ಕೈಗೆ ಕಟ್ಟಿ ಮತ್ತೆ ನೋಡಿದೆ, ಅಷ್ಟೇ. ಮೂತ್ರದ ಪಟ್ಟಿ ಅದ್ದಿದರೆ ಪ್ರೋಟೀನ್ ಇರುವುದನ್ನು ತೋರಿಸುವ ಹಸಿರು ಗಾಢವಾಗಿ ಬಂತು. ಗರ್ಭನಂಜು. ಯಾವ ಗಳಿಗೆಯಲ್ಲಾದರೂ ಫಿಟ್ಸ್ ಬರಬಹುದು. ಡಾಕ್ಟರ್‌ಗೆ ಫೋನ್ ಮಾಡಿದೆ. ಅವರು ಬಿಪಿ ಇಳಿಸುವ ಮಾತ್ರೆ ಹೇಳಿದರು, ಮ್ಯಾಗ್‌ಸಲ್ಫ್ ಕೊಟ್ಟು ಕೂಡಲೇ ಶಿವಮೊಗ್ಗದ ದೊಡ್ಡಾಸ್ಪತ್ರೆ ಮೆಗ್ಗಾನ್‌ಗೆ ಕಳಿಸಿ ಎಂದರು. ಗ್ರೂಪ್ ಡಿ ಅಮ್ಮ 108ಕ್ಕೆ ಫೋನ್ ಹಚ್ಚಿದರು.

ಮ್ಯಾಗ್‌ಸಲ್ಫ್ ಅಂದರೆ ಮ್ಯಾಗ್ನೀಸಿಯಂ ಸಲ್ಫೇಟ್, ಫಿಟ್ಸ್ ತಡೆಯುವ ಔಷಧ. ಪಿಎಚ್‌ಸಿಯಿಂದ ಕಳಿಸುವ ಮುಂಚೆ ಒಂದೊಂದು ಪೃಷ್ಠಕ್ಕೆ 5 ಗ್ರಾಂ, ಒಟ್ಟು 10 ಗ್ರಾಂ ಆಳವಾಗಿ ಕೊಡಬೇಕು. ಒಂದು ಆಂಪ್ಯೂಲ್‌ನಲ್ಲಿ ಇರುವುದು 2 ಮಿಲಿ, 1 ಗ್ರಾಂ. ಅಂದರೆ ಹತ್ತು ಆಂಪ್ಯೂಲ್ ಒಡೆಯಬೇಕು. ಮಂದ ಬೆಳಕಲ್ಲಿ ಒಂದೊಂದನ್ನೇ ಬೆರಳಿಂದ ತಟ್ಟಿ, ಕುತ್ತಿಗೆ ಮುರಿದು, ಸಿರಿಂಜಿಗೆ ಎಳೆಯುತ್ತಾ ಹೋದೆ. ಆಶಾ ಕಾರ್ಯಕರ್ತೆ ಮೊಬೈಲ್ ಟಾರ್ಚ್ ಹಿಡಿದಿದ್ದರು. ಐದಾದ ಮೇಲೆ ಚೂರು ಲಿಗ್ನೋಕೇನ್ ಸೇರಿಸಿದೆ, ಇಲ್ಲದಿದ್ದರೆ ಆ ಇಂಜೆಕ್ಷನ್ ತುಂಬಾ ನೋವು. ಇನ್ನೊಂದು ಸಿರಿಂಜಿಗೂ ಹಾಗೇ ಮಾಡಿದೆ. "ಮೈಯೆಲ್ಲ ಬಿಸಿ ಆದ ಹಾಗೆ ಆಗುತ್ತಮ್ಮ, ಹೆದರಬೇಡ, ಅದು ಔಷಧದ್ದೇ" ಎಂದು ಮೊದಲೇ ಹೇಳಿದೆ. ಅವಳು ತಲೆಯಾಡಿಸಿದಳು. ಅವಳ ಕೈ ನನ್ನ ಏಪ್ರನ್ ಹಿಡಿದೇ ಇತ್ತು. ಕೊಟ್ಟ ಮೇಲೆ ಉಸಿರು ಎಣಿಸಿದೆ, ಮೊಣಕಾಲಿನ ರಿಫ್ಲೆಕ್ಸ್ ನೋಡಿದೆ, ಕ್ಯಾತಿಟರ್ ಹಾಕಿದೆ, ಎಡಮಗ್ಗುಲಿಗೆ ಮಲಗಿಸಿದೆ. ಔಷಧ ಜಾಸ್ತಿಯಾಗಿ ಉಸಿರು ಇಳಿದರೆ ಕೊಡಲು ಕ್ಯಾಲ್ಸಿಯಂ ಗ್ಲೂಕೋನೇಟ್ ಕೈಯಳತೆಯಲ್ಲೇ ಇಟ್ಟುಕೊಂಡಿದ್ದೆ.

108 ಬರುವಷ್ಟರಲ್ಲಿ ಅಕ್ಕನ ನೋಟ್‌ಬುಕ್ ನೆನಪಾಯಿತು. ಹತ್ತಿರದ ದಾರಿಯಲ್ಲಿ ಅಷ್ಟು ಮಳೆಗೆ ಹಳ್ಳ ಏರುತ್ತದೆ. ಡ್ರೈವರ್ ಹೊಸಬರು. ಸುತ್ತಾದರೂ ಮೇಲಿನ ರಸ್ತೆಯಲ್ಲೇ ಹೋಗಿ ಎಂದು ಹೇಳಿ, ರೆಫರಲ್ ಚೀಟಿಯಲ್ಲಿ ಯಾವ ಔಷಧ, ಎಷ್ಟು, ಎಷ್ಟು ಗಂಟೆಗೆ ಎಂದು ದಪ್ಪಗೆ ಬರೆದೆ. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಆಚೆ ಇರುವ ಸಿಸ್ಟರ್‌ಗೆ ಮುಂದಿನ ಡೋಸ್ ಯಾವಾಗ ಅಂತ ಗೊತ್ತಾಗುವುದು ಆ ಒಂದು ಸಾಲಿನಿಂದ. ಮೆಗ್ಗಾನ್‌ನ ಹೆರಿಗೆ ವಾರ್ಡಿಗೂ ಫೋನ್ ಮಾಡಿ ಹೇಳಿದೆ. ಗಾಡಿ ಹೋದ ಮೇಲೆ ಹೆರಿಗೆ ಕೋಣೆ ಒರೆಸಿ, ಒಡೆದ ಆಂಪ್ಯೂಲ್‌ಗಳನ್ನು ನೀಲಿ ಡಬ್ಬಿಗೆ, ಸೂಜಿಗಳನ್ನು ಬಿಳಿ ಡಬ್ಬಿಗೆ ಹಾಕಿ, ಹೊಸ ಆಂಪ್ಯೂಲ್ ಎಣಿಸಿ ಟ್ರೇಗೆ ತುಂಬಿಸಿಟ್ಟೆ. ಅದೇ ರಾತ್ರಿ ಇನ್ನೊಬ್ಬಳು ಬರುವುದಿಲ್ಲ ಅಂತ ಯಾರು ಹೇಳಿದ್ದಾರೆ?

ತಾಯಿಯೂ ಉಳಿದಳು, ಮಗುವೂ ಉಳಿಯಿತು. ಮಗು ಸಣ್ಣದಿತ್ತು, ಕೆಲವು ದಿನ ನವಜಾತ ಶಿಶು ಘಟಕದಲ್ಲಿತ್ತು. ಬೆಂಗಳೂರಿನಲ್ಲಾಗಿದ್ದರೆ ನನಗೆ ಇಷ್ಟೂ ಗೊತ್ತಾಗುತ್ತಿರಲಿಲ್ಲ. ಐಸಿಯುನಿಂದ ವಾರ್ಡಿಗೆ ಹೋದ ರೋಗಿ ಆಮೇಲೆ ಏನಾದರು ಅಂತ ನಾವು ಕೇಳುತ್ತಲೇ ಇರಲಿಲ್ಲ, ಬೆಡ್‌ಗೆ ಇನ್ನೊಬ್ಬರು ಬಂದಿರುತ್ತಿದ್ದರು. ಇಲ್ಲಿ ಆ ಮಗು ಒಂದೂವರೆ ತಿಂಗಳಿನ ಲಸಿಕೆಗೆ ಅಜ್ಜಿಯ ಮಡಿಲಲ್ಲಿ ಕೂತು ನಮ್ಮ ಹತ್ತಿರವೇ ಬಂತು. ಈಗ ನಡೆಯುತ್ತದೆ. ದಾರಿಯಲ್ಲಿ ಸಿಕ್ಕರೆ ನನ್ನನ್ನು ನೋಡಿ ಅಳುತ್ತದೆ, ಸೂಜಿ ಹಾಕಿದವಳು ಅಂತ.

ಆ ರಾತ್ರಿಯ ಕೆಲಸದಲ್ಲಿ ಅರ್ಧ ಪಾಲು ಆಶಾ ಕಾರ್ಯಕರ್ತೆಯದ್ದು. ಇದನ್ನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ ಸಾವಿರ ಜನಕ್ಕೊಬ್ಬರಂತೆ ಆಶಾ ಬಂದರು. ಅವರಿಗೆ ಸಂಬಳ ಅಂತಿಲ್ಲ, ಗೌರವಧನ ಮತ್ತು ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. ಯಾವ ಮನೆಯಲ್ಲಿ ಸೊಸೆ ಬಸುರಿ, ಯಾವ ಮನೆಯ ಅಜ್ಜ ಕೆಮ್ಮುತ್ತಾರೆ, ಯಾರು ಬಿಪಿ ಮಾತ್ರೆ ಬಿಟ್ಟಿದ್ದಾರೆ ಎಲ್ಲ ಅವರಿಗೆ ಗೊತ್ತು. ಪಿಎಚ್‌ಸಿಗೆ ಹೊಸದಾಗಿ ಬಂದ ಸಿಸ್ಟರ್ ಮೊದಲು ಗಳಿಸಬೇಕಾದ್ದು ಇವರ ವಿಶ್ವಾಸ. ಅವರು ಮಳೆಯಲ್ಲಿ ನೆನೆದುಕೊಂಡು ಒಬ್ಬರನ್ನು ಕರೆತಂದಾಗ "ಈ ಹೊತ್ತಲ್ಲಿ ಯಾಕೆ ಕರೆತಂದ್ರಿ" ಎಂಬ ಮಾತು ಬಾಯಿಂದ ಬಂತೋ, ಮುಂದಿನ ಸಲ ಅವರು ಬೆಳಗಾಗಲಿ ಅಂತ ಕಾಯುತ್ತಾರೆ. ಆ ಬೆಳಗಿನವರೆಗಿನ ಹೊತ್ತೇ ಒಂದು ಜೀವವಾಗಬಹುದು.

ಹೆರಿಗೆಗಳು ಪಿಎಚ್‌ಸಿಯಲ್ಲಿ ಮೊದಲಿನಷ್ಟು ಆಗುತ್ತಿಲ್ಲ. ಸ್ಕ್ಯಾನಿಂಗ್, ಆಪರೇಷನ್ ಇರುವಲ್ಲಿಗೇ ಹೋಗೋಣ ಅಂತ ಜಾಸ್ತಿ ಜನ ತಾಲ್ಲೂಕು ಆಸ್ಪತ್ರೆಗೆ ಹೋಗುತ್ತಾರೆ. ಅದು ತಪ್ಪೇನಲ್ಲ. ನಮ್ಮ ಕೆಲಸ ಹೆರಿಗೆಗಿಂತ ಮುಂಚಿನದ್ದಕ್ಕೆ ವಾಲಿದೆ. ಪ್ರತಿ ತಿಂಗಳ 9ನೇ ತಾರೀಖು ಬಸುರಿಯರ ತಪಾಸಣೆ. ಡಾಕ್ಟರ್ ಎಲ್ಲರನ್ನೂ ನೋಡುತ್ತಾರೆ. ಅಪಾಯ ಇದೆ ಎನಿಸಿದವರ ತಾಯಿ ಕಾರ್ಡ್ ಮೇಲೆ ಕೆಂಪು ಸ್ಟಿಕ್ಕರ್ ಬೀಳುತ್ತದೆ. ಆ ಕೆಂಪು ನೋಡಿ ಮನೆಯವರು ಗಾಬರಿಯಾಗುತ್ತಾರೆ. ಕೂರಿಸಿ ಹೇಳಬೇಕು. ಮಳೆಗಾಲದಲ್ಲಿ ದಿನ ತುಂಬುವವರ ಪಟ್ಟಿ ಬೇರೆಯೇ ಮಾಡಿಕೊಳ್ಳುತ್ತೇವೆ. ಹಳ್ಳದ ಆಚೆಯ ಮನೆಯಾದರೆ ಹೆರಿಗೆ ತಾರೀಖಿಗೆ ಮೊದಲೇ ಪೇಟೆಯ ನೆಂಟರ ಮನೆಗೆ, ಇಲ್ಲವೇ ರಸ್ತೆ ಬದಿಯ ತವರಿಗೆ ಬಂದು ಇರಿ ಎಂದು ಒಪ್ಪಿಸಬೇಕು. ಒಪ್ಪಿಸುವುದು ಸುಲಭವಲ್ಲ. ಗದ್ದೆ ನಾಟಿಯ ಹೊತ್ತು, ಕೊಟ್ಟಿಗೆಯಲ್ಲಿ ದನ, ಮನೆಯಲ್ಲಿ ವಯಸ್ಸಾದವರು. ಇವನ್ನೆಲ್ಲ ಕೇಳಿಸಿಕೊಂಡ ಮೇಲೆಯೇ ನಮ್ಮ ಮಾತನ್ನೂ ಅವರು ಕೇಳುತ್ತಾರೆ.

ಹಾವು ಕಚ್ಚಿದವರ ವಿಷಯದಲ್ಲೂ ಅದೇ ದೂರದ ಲೆಕ್ಕ. ಅಡಿಕೆ ತೋಟ, ಹುಲ್ಲು ಕೊಯ್ಯುವುದು, ಬರಿಗಾಲು, ಸಂಜೆಯ ಕತ್ತಲೆ. ಕೊಳಕುಮಂಡಲ, ನಾಗರ, ಕಟ್ಟುಹಾವು ಎಲ್ಲ ಇವೆ. ಕಚ್ಚಿದ ಜಾಗದ ಮೇಲೆ ಬಿಗಿಯಾಗಿ ಹಗ್ಗ ಕಟ್ಟಿಕೊಂಡು ಬರುವವರು, ಬ್ಲೇಡಿನಲ್ಲಿ ಗೀರಿಕೊಂಡು ಬರುವವರು ಈಗಲೂ ಇದ್ದಾರೆ. ಎರಡೂ ಕೆಡುಕೇ ಮಾಡುತ್ತವೆ. ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗಾಡಿಸದೆ ಬೇಗ ಬಂದರೆ ಸಾಕು.

ಇಲ್ಲಿ ದೊಡ್ಡ ಲ್ಯಾಬ್ ಬೇಡದ ಒಂದು ಪರೀಕ್ಷೆ ಇದೆ. ಒಣಗಿದ ಹೊಸ ಗಾಜಿನ ಟ್ಯೂಬಿಗೆ 2 ಮಿಲಿ ರಕ್ತ ಹಾಕಿ, 20 ನಿಮಿಷ ಅಲುಗಾಡಿಸದೆ ಇಡಬೇಕು. ಪ್ಲಾಸ್ಟಿಕ್ ಟ್ಯೂಬ್ ಆಗುವುದಿಲ್ಲ, ಸೋಪಿನಲ್ಲಿ ತೊಳೆದದ್ದೂ ಆಗುವುದಿಲ್ಲ. ಹೊತ್ತಾದ ಮೇಲೆ ಮೆಲ್ಲಗೆ ಓರೆ ಮಾಡಿ ನೋಡುವುದು. ರಕ್ತ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಸಮಾಧಾನ. ನೀರಿನ ಹಾಗೆ ಹರಿದರೆ ಮಂಡಲದ ವಿಷ ರಕ್ತಕ್ಕೆ ಇಳಿದಿದೆ ಅಂತ. ಆ 20 ನಿಮಿಷ ಮನೆಯವರೆಲ್ಲ ಸುತ್ತ ನಿಂತು ಆ ಟ್ಯೂಬನ್ನೇ ನೋಡುತ್ತಾರೆ. ಯಾರೂ ಮುಟ್ಟದಂತೆ ನಾನು ಅದರ ಪಕ್ಕದಲ್ಲೇ ನಿಲ್ಲುತ್ತೇನೆ. ಆ ಹೊತ್ತಿನಲ್ಲಿ ರೆಪ್ಪೆ ಇಳಿಯುತ್ತಿದೆಯಾ, ಮಾತು ತೊದಲುತ್ತಿದೆಯಾ ಅಂತಲೂ ನೋಡುತ್ತಿರಬೇಕು, ನಾಗರ, ಕಟ್ಟುಹಾವಿನದ್ದಾದರೆ ಹಾಗಾಗುತ್ತದೆ. ವಿಷ ಏರಿದ್ದು ಗೊತ್ತಾದರೆ ಡಾಕ್ಟರ್ 10 ವಯಲ್ ಪ್ರತಿವಿಷ ಶುರು ಮಾಡಿಸುತ್ತಾರೆ. ಕೆಲವರಿಗೆ ಅದರಿಂದಲೇ ಅಲರ್ಜಿಯಾಗಿ ಬಿಪಿ ಬಿದ್ದುಹೋಗುತ್ತದೆ. ಅದಕ್ಕೇ ಡ್ರಿಪ್ ಹಚ್ಚುವ ಮೊದಲೇ ಅಡ್ರಿನಲಿನ್ ಸಿರಿಂಜಿಗೆ ಎಳೆದು ಇಟ್ಟಿರಬೇಕು. ಮೊದಲ ಡೋಸ್ ಇಲ್ಲೇ ಕೊಟ್ಟು ಆಮೇಲೆ ಕಳಿಸಬೇಕು ಅನ್ನೋದು ನಮಗೆ ಕಲಿಸಿದ ಪಾಠ. ಔಷಧ ಇಟ್ಟುಕೊಂಡು ಬರಿಗೈಯಲ್ಲಿ ಕಳಿಸಿದರೆ ಘಟ್ಟದ ತಿರುವುಗಳಲ್ಲಿ ವಿಷ ಏರುತ್ತಲೇ ಇರುತ್ತದೆ. ಮಲೆನಾಡಿನ ಗುಳಿಮಂಡಲಗಳ ವಿಷಕ್ಕೆ ಈ ಪ್ರತಿವಿಷ ನಾಟುವುದಿಲ್ಲ, ಅದೂ ತಿಳಿದಿರಬೇಕು. 2024ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಬರೆಯುವ ಕೆಲಸ ಒಂದು ಜಾಸ್ತಿಯಾಯಿತು. ಆದರೆ ಈ ಬರವಣಿಗೆ ನನಗೆ ಬೇಸರ ತರುವುದಿಲ್ಲ. ಎಲ್ಲಿ ಎಷ್ಟು ಜನಕ್ಕೆ ಕಚ್ಚುತ್ತಿದೆ ಎಂದು ಲೆಕ್ಕ ಸಿಕ್ಕರೆ ತಾನೇ ಔಷಧ ಅಲ್ಲಿಗೆ ಬರೋದು.

ಗುರುವಾರ ಲಸಿಕೆಯ ದಿನ. ಆಸ್ಪತ್ರೆಯ ಜಗಲಿಯೆಲ್ಲ ಮಕ್ಕಳು. ಲಸಿಕೆ ಇಡುವ ಐಎಲ್‌ಆರ್ ಫ್ರಿಜ್ಜಿನ ಒಳಗೆ 2ರಿಂದ 8 ಡಿಗ್ರಿ ಇರಬೇಕು. ದಿನಕ್ಕೆ ಎರಡು ಸಲ ನೋಡಿ ಬರೆಯಬೇಕು, ಭಾನುವಾರವೂ, ಹಬ್ಬದ ದಿನವೂ. ಇಲ್ಲಿ ಮರ ಬಿದ್ದು ಕರೆಂಟ್ ಹೋದರೆ ಬರುವುದು ಯಾವಾಗಲೋ. ಆಗ ಮುಚ್ಚಳ ತೆರೆಯಬಾರದು. ಸುಮ್ನೆ ಒಮ್ಮೆ ನೋಡೋಣ ಅಂತಲೂ ತೆರೆಯಬಾರದು. ಒಳಗಿನ ಐಸ್ ಗೋಡೆ ತಂಪನ್ನು ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಬಿಸಿಯಷ್ಟೇ ಭಯ ವಿಪರೀತ ತಂಪಿನದ್ದು. ಪೆಂಟಾವೇಲೆಂಟ್, ಹೆಪಟೈಟಿಸ್ ಬಿ ಲಸಿಕೆಗಳು ಹೆಪ್ಪುಗಟ್ಟಿದರೆ ಎಸೆಯಬೇಕು. ಪ್ರತಿ ವಯಲ್ ಮೇಲೆ ಒಂದು ವೃತ್ತ, ಅದರೊಳಗೆ ಒಂದು ಚೌಕ ಇರುತ್ತದೆ. ಚೌಕ ವೃತ್ತಕ್ಕಿಂತ ತಿಳಿ ಬಣ್ಣದಲ್ಲಿದ್ದರೆ ಕೊಡಬಹುದು. ವೃತ್ತದಷ್ಟೇ ಕಪ್ಪಾದರೆ ಅದು ಎಲ್ಲೋ ಬಿಸಿಗೆ ಸಿಕ್ಕಿದೆ. ಪಿಎಚ್‌ಸಿಯಲ್ಲಿ ನನಗೆ ತುಂಬ ಇಷ್ಟವಾದ ವಸ್ತು ಈ ಚೌಕ. ಕಾರ್ಖಾನೆಯಿಂದ ಈ ಕಾಡಿನವರೆಗೆ ಎಷ್ಟೋ ಕೈ ದಾಟಿ ಬಂದ ಸೀಸೆಯನ್ನು ಎಲ್ಲರೂ ತಂಪಾಗಿ ಕಾಪಾಡಿದ್ದಾರೆ ಅಂತ ಅದು ತೋರಿಸುತ್ತದೆ.

ಸೂಜಿ ಆದ ಮೇಲೆ ಅರ್ಧ ಗಂಟೆ ಕೂರಿ ಅಂದರೆ ಬಸ್ ತಪ್ಪುತ್ತದೆ ಅನ್ನುತ್ತಾರೆ. ಬಸ್ ದಿನಕ್ಕೆ ಅಷ್ಟೇ ಇರುವ ಊರಿನಲ್ಲಿ ಅದು ನೆಪವಲ್ಲ. ದೂರದವರಿಗೆ ಮೊದಲು ಹಾಕಿ, ಹತ್ತಿರದವರನ್ನು ಆಮೇಲೆ ಕರೆಯುವುದು ಎಂದು ಮಾಡಿಕೊಂಡಿದ್ದೇವೆ.

ಇನ್ನು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಗೊತ್ತಾದ ಕಾಯಿಲೆ. ಆ ಕಾಡಿನ ಹೆಸರೇ ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿದೆ. 2018ರ ಕೊನೆ, 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಅದು ಬಂದು ಜನ ಸತ್ತದ್ದನ್ನು ಇಲ್ಲಿಯವರು ಮರೆತಿಲ್ಲ. ಮಳೆ ಮುಗಿದು ಕಾಡು ಒಣಗಿದ ಮೇಲೆ ಈ ಕಾಯಿಲೆ ಹರಡುವ ಉಣುಗು ಜಾಸ್ತಿಯಾಗುತ್ತದೆ. ಕೊಟ್ಟಿಗೆಗೆ ಹಾಸಲು ದರಕು (ಒಣಗಿದ ಎಲೆ) ತರಲು, ಸೌದೆ ತರಲು ಜನ ಕಾಡಿಗೆ ಹೋಗುವುದೂ ಆಗಲೇ. ಉಣುಗು ಹತ್ತದಂತೆ ಡೆಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಂಡು ಹೋಗಿ, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆ ಬಿಸಿನೀರಿಗೆ ಹಾಕಿ ಎಂದು ಮನೆಮನೆಗೆ ಹೇಳುತ್ತೇವೆ. ಹಿಂದೆ ಕೊಡುತ್ತಿದ್ದ ಲಸಿಕೆ ಈಗ ನಿಂತಿದೆ. ಎಣ್ಣೆ, ಎಚ್ಚರ, ಬೇಗ ಪರೀಕ್ಷೆ, ಇಷ್ಟೇ ನಮ್ಮ ಕೈಯಲ್ಲಿರುವುದು. ಏಕಾಏಕಿ ಜೋರು ಜ್ವರ, ತಲೆನೋವು, ಸೊಂಟ ಮುರಿದ ಹಾಗೆ ಮೈಕೈ ನೋವು. ಒಮ್ಮೆ ಬಿಟ್ಟ ಜ್ವರ ಕೆಲವರಿಗೆ ಒಂದೆರಡು ವಾರದ ಮೇಲೆ ಮತ್ತೆ ಬರುತ್ತದೆ. ಜ್ವರ ಬಿಟ್ಟಿತು ಅಂತ ತೋಟಕ್ಕೆ ಹೋದವರನ್ನು ಹುಡುಕಿಕೊಂಡು ಹೋಗಿ ಮತ್ತೆ ನೋಡಬೇಕು. ಬೇಸಿಗೆಯಲ್ಲಿ ಜ್ವರ ಅಂತ ಯಾರೇ ಬಂದರೂ ನಾನು ಕೇಳುವ ಮೊದಲ ಪ್ರಶ್ನೆ, "ಕಾಡಿಗೆ ಹೋಗಿದ್ರಾ? ಹತ್ತಿರ ಎಲ್ಲಾದರೂ ಮಂಗ ಸತ್ತಿತ್ತಾ?" ಬಯಲುಸೀಮೆಯಲ್ಲಿ ಬೆಳೆದ ನನಗೆ ಈ ಪ್ರಶ್ನೆ ಬಾಯಿಗೆ ರೂಢಿಯಾಗಲು ಒಂದು ಬೇಸಿಗೆ ಬೇಕಾಯಿತು.

ಬಿಪಿ, ಶುಗರ್ ಮಾತ್ರೆಗೆ ತಿಂಗಳು ತಿಂಗಳು ಬರುವ ಅಜ್ಜ ಅಜ್ಜಿಯರೇ ನಮ್ಮಲ್ಲಿ ಜಾಸ್ತಿ. ಇವರ ಬಗ್ಗೆ ಬರೆಯುತ್ತಾ ಹೋದರೆ ಮುಗಿಯುವುದಿಲ್ಲ. ಮಾತ್ರೆಯಿಂದ ಬಿಪಿ ಸರಿಯಾದ ಕೂಡಲೇ "ಈಗ ಆರಾಮಿದೀನಿ" ಎಂದು ಮಾತ್ರೆ ಬಿಡುತ್ತಾರೆ. ಬಿಟ್ಟ ಮೇಲೆ ಪಾರ್ಶ್ವವಾಯು ಹೊಡೆದರೆ ಮತ್ತೆ ಅದೇ ಘಟ್ಟದ ರಸ್ತೆ, ಅದೇ ಆಂಬುಲೆನ್ಸ್. ತಿಂಗಳಿಗೊಮ್ಮೆ ಐದು ನಿಮಿಷ ಹೆಚ್ಚು ಮಾತಾಡಿದರೆ ಆ ಪ್ರಯಾಣ ತಪ್ಪುತ್ತದೆ. ನನ್ನ ಐಸಿಯು ಅನುಭವ ಇಲ್ಲಿ ಜಾಸ್ತಿ ಉಪಯೋಗಕ್ಕೆ ಬಂದದ್ದು ಹೀಗೆ. ಬಿಪಿ ಮಾತ್ರೆ ಬಿಟ್ಟವರು ಕೊನೆಗೆ ಯಾವ ಸ್ಥಿತಿಯಲ್ಲಿ ಬರುತ್ತಾರೆ ಅನ್ನೋದನ್ನು ಅಲ್ಲಿ ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ಇಲ್ಲಿ ಒಬ್ಬ ಅಜ್ಜಿ ಮಾತ್ರೆಗೆ ಬರಲಿಲ್ಲ ಎಂದರೆ ಸುಮ್ಮನಿರಲು ಆಗುವುದಿಲ್ಲ. ಆಶಾಗೆ ಫೋನ್ ಮಾಡಿ ವಿಚಾರಿಸುತ್ತೇನೆ.

ಬೇಸರದ ವಿಷಯಗಳೂ ಇವೆ. ಒಂದೇ ಬಸುರಿಯ ವಿವರವನ್ನು ರಿಜಿಸ್ಟರಿಗೂ ಬರೆದು, ತಾಯಿ ಕಾರ್ಡಿಗೂ ಬರೆದು, ಪೋರ್ಟಲ್‌ಗೂ ತುಂಬಬೇಕು. ನೆಟ್‌ವರ್ಕ್ ಸಿಕ್ಕಾಗ ತುಂಬಬೇಕು, ಅಂದರೆ ಎಷ್ಟೋ ಸಲ ಡ್ಯೂಟಿ ಮುಗಿದ ಮೇಲೆ. ಒಳಗುತ್ತಿಗೆಯವರಿಗೆ ವರ್ಷ ವರ್ಷ ನವೀಕರಣದ ಚಿಂತೆ. ಪಕ್ಕದ ಟೇಬಲ್ಲಿನ ಕಾಯಂ ಸಿಸ್ಟರ್ ಮಾಡುವ ಕೆಲಸವನ್ನೇ ನಾವೂ ಮಾಡುತ್ತೇವೆ. ಸಂಬಳ, ರಜೆ, ಪಿಂಚಣಿ ಒಂದೂ ಒಂದೇ ಅಲ್ಲ. ಇದು ಸರಿಯಲ್ಲ. ಹೀಗೆ ಹೇಳುವುದರಿಂದ ಕೆಲಸದ ಮೇಲಿನ ಪ್ರೀತಿ ಕಡಿಮೆಯಾಗಿದೆ ಅಂತ ಯಾರೂ ತಿಳಿಯಬಾರದು.

ಇವೆಲ್ಲಕ್ಕಿಂತ ದೊಡ್ಡ ಕೊರತೆ ರಾತ್ರಿ ಪಾಳಿಯದ್ದು. 24 ಗಂಟೆಯ ಪಿಎಚ್‌ಸಿ ಎಂದರೆ ಮೂವರು ಸ್ಟಾಫ್ ನರ್ಸ್, ಮೂರು ಪಾಳಿ. ರಾತ್ರಿ ಎಂಟಕ್ಕೆ ಬಂದವಳು ಬೆಳಿಗ್ಗೆ ಎಂಟರವರೆಗೆ ಒಬ್ಬಳೇ ನರ್ಸ್. ಒಬ್ಬರು ರಜೆ ಹಾಕಿದರೆ ಉಳಿದಿಬ್ಬರ ಮೇಲೆ ಎಲ್ಲ ಬೀಳುತ್ತದೆ. ಗರ್ಭನಂಜಿನ ಹುಡುಗಿ ಬಂದ ರಾತ್ರಿ ಆಶಾ ಕಾರ್ಯಕರ್ತೆ ಇದ್ದರು, ಗ್ರೂಪ್ ಡಿ ಅಮ್ಮ ಇದ್ದರು. ಆಂಪ್ಯೂಲ್ ಒಡೆಯುತ್ತಿರುವಾಗಲೇ ಹಾವು ಕಚ್ಚಿದವರು ಬಂದಿದ್ದರೆ? ಹೆರಿಗೆ ಆಗುತ್ತಿರುವಾಗ ತಾಯಿಗೆ ರಕ್ತಸ್ರಾವ ಶುರುವಾಗಿ, ಮಗುವೂ ಅಳದೆ ಇದ್ದರೆ? ಮಗುವಿಗೆ ಉಸಿರು ಕೊಡಲು ಇರುವುದು ಮೊದಲ ಒಂದು ನಿಮಿಷ. ತಾಯಿಯ ಹೊಟ್ಟೆ ಒತ್ತಿ ಹಿಡಿಯಬೇಕಾದ್ದೂ ಅದೇ ನಿಮಿಷ. ಎರಡು ಜೀವ, ಎರಡು ಕೈ ಸಾಲುವುದಿಲ್ಲ.

ರಾತ್ರಿ ಪಾಳಿಗೆ ತರಬೇತಿ ಇರುವ ಇಬ್ಬರು ಬೇಕು. ಮೀಟಿಂಗ್‌ನಲ್ಲಿ ಹೇಳಿದ್ದೇನೆ, ಬರೆದೂ ಕೊಟ್ಟಿದ್ದೇನೆ. ಆರೋಗ್ಯ ರಕ್ಷಾ ಸಮಿತಿಗೆ ಬರುವ ಊರವರಿಗೂ ಹೇಳಿದ್ದೇನೆ, ನಮ್ಮ ಮಾತಿಗಿಂತ ಅವರ ಮಾತಿಗೆ ತೂಕ ಜಾಸ್ತಿ. ಕಳೆದ ಸಭೆಯಲ್ಲಿ ಒಬ್ಬ ಹಿರಿಯರು ಎದ್ದು ನಿಂತು, "ನಮ್ಮ ಮನೆ ಮಕ್ಕಳು ಹುಟ್ಟೋ ಜಾಗ ಇದು, ನಾವೇ ಕೇಳಬೇಕು" ಎಂದರು. ಪಂಚಾಯಿತಿಯಿಂದ ಒಂದು ಅರ್ಜಿ ಹೋಗಿದೆ. ಉತ್ತರ ಇನ್ನೂ ಬಂದಿಲ್ಲ. ಮುಂದಿನ ಸಭೆಯಲ್ಲಿ ಮತ್ತೆ ಕೇಳುತ್ತೇವೆ.